ಕನ್ನಡ ಟೈಪ್ ಮಾಡುವ ನುಡಿ ತಂತ್ರಾಂಶ ಹುಡುಕಲು ಹೋಗಿ ಕಂಪ್ಯೂಟರ್‌ಗೆ ಏನೋ ಹೊಕ್ಕಿದೆ, ಏನು ಮಾಡಲಿ?

ತೋಟದ ಲೆಕ್ಕ, ಆಲ್ದೂರು:

ಎಲ್ಲರಿಗೂ ನಮಸ್ಕಾರ. ನಮ್ಮದು ಆಲ್ದೂರು ಹತ್ತಿರ ಎಂಟು ಎಕರೆ ಕಾಫಿ ತೋಟ. ಲೆಕ್ಕ ಬರೆಯಲು ರೈಟರ್ ಇಟ್ಟುಕೊಳ್ಳುವಷ್ಟು ದೊಡ್ಡದಲ್ಲ. ಆಳುಗಳ ಹಾಜರಿಯ ಚೆಕ್‌ರೋಲ್ ಬರೆಯುವುದು, ಬಟವಾಡೆ ಲೆಕ್ಕ ಹಾಕುವುದು ಎಲ್ಲ ನಾನೇ. ಅದಕ್ಕೆಂದೇ ಮನೆಯಲ್ಲಿ ಒಂದು ಕಂಪ್ಯೂಟರ್ ಇದೆ. 2019ರಲ್ಲಿ ಬಿಲ್ ಸಮೇತ ತೆಗೆದುಕೊಂಡದ್ದು, ವಿಂಡೋಸ್ 10 ಅದರ ಜೊತೆಗೇ ಬಂದಿತ್ತು. ಮಗಳ ಪಿಯುಸಿ ನೋಟ್ಸ್, ನಮ್ಮ ಮನೆಯವರ ನೆಟ್ ಬ್ಯಾಂಕಿಂಗ್, ಊರಿನ ಸ್ವಸಹಾಯ ಸಂಘದ ನಡಾವಳಿ, ಎಲ್ಲವೂ ಅದರಲ್ಲೇ.

ಹೋದ ತಿಂಗಳು ಹಾರ್ಡ್‌ಡಿಸ್ಕ್ ಹಾಳಾಯಿತು. ಅಂಗಡಿಗೆ ಕೊಟ್ಟು ಹೊಸದು ಹಾಕಿಸಿದೆವು. ಫೈಲ್‌ಗಳು ಪೆನ್‌ಡ್ರೈವ್‌ನಲ್ಲಿ ಇದ್ದವು, ಅದೊಂದು ಪುಣ್ಯ. ಆದರೆ ನುಡಿ ಹೋಗಿತ್ತು. ಸಂಘದ ಹಳೇ ಪತ್ರ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ರಾಶಿ. ಗುರುವಾರ ಸಂಜೆ ನುಡಿ ಡೌನ್‌ಲೋಡ್ ಅಂತ ಹುಡುಕಿದೆ. ಮೇಲೆ ಬಂದ ಮೊದಲ ಲಿಂಕ್ ಒತ್ತಿದೆ. ಆ ಪುಟದಲ್ಲಿ ಡೌನ್‌ಲೋಡ್ ಎಂದು ನಾಲ್ಕು ಕಡೆ ಬರೆದಿತ್ತು. ಎಲ್ಲಕ್ಕಿಂತ ದೊಡ್ಡ ಹಸಿರು ಬಟನ್ ಒತ್ತಿದೆ. ಬಂದ ಫೈಲ್ ಎರಡು ಎಂಬಿಯೂ ಇರಲಿಲ್ಲ. ಓಡಿಸಿದಾಗ ಪರದೆಯ ಮೇಲೆ ನೀಲಿ ಬಣ್ಣದ ಎಚ್ಚರಿಕೆ ಬಂತು. ಹೊರಗೆ ಗಾಳಿ ಮಳೆ, ಕರೆಂಟ್ ಈಗ ಹೋಗುತ್ತದೆ ಆಗ ಹೋಗುತ್ತದೆ ಅನ್ನುವ ಹಾಗಿತ್ತು. ಅವಸರದಲ್ಲಿ 'ಮೋರ್ ಇನ್ಫೊ' ಒತ್ತಿ, 'ರನ್ ಎನಿವೇ' ಕೊಟ್ಟುಬಿಟ್ಟೆ. ಆಮೇಲೆ ನೆಕ್ಸ್ಟ್, ನೆಕ್ಸ್ಟ್.

ನುಡಿ ಬರಲೇ ಇಲ್ಲ. ಶುಕ್ರವಾರದಿಂದ ಬ್ರೌಸರ್ ತೆರೆದರೆ ಗೊತ್ತಿಲ್ಲದ ಯಾವುದೋ ಪುಟ ಬರುತ್ತಿದೆ. ಬಲಗಡೆ ಕೆಳಗೆ ಐದು ನಿಮಿಷಕ್ಕೊಮ್ಮೆ 'ನಿಮ್ಮ ಕಂಪ್ಯೂಟರ್‌ನಲ್ಲಿ 5 ವೈರಸ್ ಇದೆ' ಅಂತ ಕೆಂಪು ಚೀಟಿ ಏಳುತ್ತದೆ. ಸುಮ್ನೆ ಇಟ್ಟರೂ ಒಳಗಿನ ಫ್ಯಾನ್ ಜೋರಾಗಿ ತಿರುಗುತ್ತದೆ. ಕಂಪ್ಯೂಟರ್‌ನಲ್ಲೇ ಇರುವ ಆಂಟಿವೈರಸ್‌ನಿಂದ ಸ್ಕ್ಯಾನ್ ಮಾಡಿದೆ. ಏನೂ ಇಲ್ಲ ಅಂತ ತೋರಿಸಿತು. ಪಕ್ಕದ ಮನೆ ಹುಡುಗ ಇನ್ನೊಂದು ಫ್ರೀ ಆಂಟಿವೈರಸ್‌ನ ಲಿಂಕ್ ಕಳಿಸಿದ್ದಾನೆ. ಮತ್ತೊಂದು ಡೌನ್‌ಲೋಡ್‌ಗೆ ನನಗೆ ಧೈರ್ಯ ಬರುತ್ತಿಲ್ಲ.

ಬ್ಯಾಂಕಿನ ಪಾಸ್‌ವರ್ಡ್ ಬ್ರೌಸರ್‌ನಲ್ಲೇ ಸೇವ್ ಆಗಿದೆ. ಒಟಿಪಿ ಫೋನಿಗೆ ಬರುತ್ತದಲ್ಲ, ಹಾಗಾಗಿ ತೊಂದರೆ ಇಲ್ಲ ಅಲ್ವಾ? ಎಲ್ಲ ಅಳಿಸಿ ಹೊಸದಾಗಿ ಹಾಕಬೇಕಾ? ಆರು ವರ್ಷದ ಲೆಕ್ಕ ಇದೆ. ದಯವಿಟ್ಟು ಗೊತ್ತಿದ್ದವರು ಹೇಳಿ.

ಹಾಸನ ರಿಪೇರಿ:

ಅಕ್ಕ, ಇದನ್ನು ಆ ಕಂಪ್ಯೂಟರ್‌ನಲ್ಲೇ ಓದುತ್ತಿದ್ದರೆ ಇಲ್ಲಿಗೇ ನಿಲ್ಲಿಸಿ. ಮೊದಲು ಅದರ ನೆಟ್ ವೈರ್ ಕಿತ್ತುಬಿಡಿ. ಮುಂದಿನದನ್ನು ಫೋನಿನಲ್ಲಿ ಓದಿ.

ಹಾಸನದಲ್ಲಿ ಹದಿನಾರು ವರ್ಷದಿಂದ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದೇನೆ. ಇಂಥ ಕಂಪ್ಯೂಟರ್ ತಂದವರೆಲ್ಲ ಮೊದಲು ಕೇಳುವುದು 'ವೈರಸ್ ಹೋಯ್ತಾ?' ಅಂತ. ನಾನು ಮೊದಲು ಕೇಳುವುದು ಆ ಬ್ರೌಸರ್‌ನಲ್ಲಿ ಯಾವ ಯಾವ ಪಾಸ್‌ವರ್ಡ್ ಸೇವ್ ಆಗಿದೆ ಅಂತ. ಕೆಂಪು ಚೀಟಿ, ಬದಲಾದ ಪುಟ, ಇವೆಲ್ಲ ಕಣ್ಣಿಗೆ ಕಾಣುವ ಕಾಟ. ಅದರ ಜೊತೆಗೆ ಪಾಸ್‌ವರ್ಡ್ ಕದಿಯುವ ಪ್ರೋಗ್ರಾಂ ಬಂದಿದ್ದರೆ ಅದು ಏನೂ ತೋರಿಸುವುದಿಲ್ಲ. ಒಂದೆರಡು ನಿಮಿಷದಲ್ಲಿ ಕೆಲಸ ಮುಗಿಸಿ ಕೆಲವು ಸಲ ತನ್ನನ್ನೇ ಅಳಿಸಿಕೊಂಡು ಹೋಗುತ್ತದೆ.

ನಮ್ಮ ಮನೆಯಲ್ಲೇ ಆದದ್ದು ಹೇಳುತ್ತೇನೆ. 2022ರಲ್ಲಿ ಹಲವು ತಿಂಗಳು ಭಾರತದಲ್ಲಿ ವಿಡಿಯೊ ನೋಡುವ ವಿಎಲ್‌ಸಿ ಪ್ಲೇಯರ್ ಮಾಡುವವರ ಸ್ವಂತ ತಾಣವೇ ತೆರೆಯುತ್ತಿರಲಿಲ್ಲ. ಬ್ಲಾಕ್ ಆಗಿತ್ತು. ನವೆಂಬರ್‌ನಲ್ಲಿ ಮತ್ತೆ ಬಿಟ್ಟರು. ಆ ನಡುವೆ ನನ್ನ ತಮ್ಮ ಬೇರೆ ಯಾವುದೋ ಪುಟದಿಂದ ವಿಎಲ್‌ಸಿ ಇಳಿಸಿಕೊಂಡ. ಪ್ಲೇಯರ್ ಚೆನ್ನಾಗಿಯೇ ಓಡಿತು. ಹಾಗಾಗಿ ಯಾರಿಗೂ ಅನುಮಾನ ಬರಲಿಲ್ಲ. ಮೂರನೇ ದಿನ ಅವನ ಮೇಲ್‌ಗೆ ಬೇರೆ ಯಾರೋ ಲಾಗಿನ್ ಆಗಿದ್ದಾರೆ ಅಂತ ಸಂದೇಶ ಬಂತು. ನಾನು ಕಂಪ್ಯೂಟರ್ ಸ್ವಚ್ಛ ಮಾಡಲು ಕೂತೆ. ಎರಡು ಗಂಟೆ ಹಿಡಿಯಿತು. ಆಮೇಲೆ ಅದೇ ಕಂಪ್ಯೂಟರ್‌ನಲ್ಲಿ ಅವನ ಪಾಸ್‌ವರ್ಡ್ ಬದಲಾಯಿಸಿದೆ. ಒಳಗೆ ಇನ್ನೂ ಒಂದು ಚೂರು ಉಳಿದಿತ್ತು. ಹೊಸ ಪಾಸ್‌ವರ್ಡ್ ಕೂಡ ಹೋಯಿತು. ಅವನು ಹನ್ನೊಂದು ವರ್ಷದಿಂದ ಇಟ್ಟುಕೊಂಡಿದ್ದ ಮೇಲ್, ಮದುವೆಯ ಫೋಟೊಗಳು, ಯಾವುದೂ ವಾಪಸ್ ಬರಲಿಲ್ಲ. ಕೆಲಸದ ಕ್ರಮ ತಪ್ಪಿತ್ತು. ಅದಕ್ಕೇ ಈಗ ಯಾರೇ ಬಂದರೂ ಸ್ಕ್ಯಾನ್ ಮಾತು ಆಮೇಲೆ ಎನ್ನುತ್ತೇನೆ.

ಒಟಿಪಿ ವಿಷಯ. ಜೀಮೇಲ್‌ಗೆ ಒಂದು ಸಲ ಲಾಗಿನ್ ಆದರೆ ದಿನಾ ಪಾಸ್‌ವರ್ಡ್ ಕೇಳುವುದಿಲ್ಲ, ಅಲ್ವಾ? ಬ್ರೌಸರ್ ಒಂದು ಚೀಟಿ ಇಟ್ಟುಕೊಂಡಿರುತ್ತದೆ, 'ಇವರು ಆಗಲೇ ಒಳಗೆ ಬಂದವರು' ಎನ್ನುವ ಗುರುತು. ಅದಕ್ಕೆ ಕುಕೀ ಅಂತಾರೆ. ಆ ಚೀಟಿ ಕದ್ದವನಿಗೆ ಎಷ್ಟೋ ಸಲ ಪಾಸ್‌ವರ್ಡೂ ಬೇಡ, ಒಟಿಪಿಯೂ ಬೇಡ. ಬ್ಯಾಂಕಿನವರು ಸ್ವಲ್ಪ ಹೊತ್ತಿಗೇ ತಾವೇ ಲಾಗ್ ಔಟ್ ಮಾಡುತ್ತಾರೆ, ಹಣ ಕಳಿಸಲು ಪ್ರತಿ ಸಲ ಒಟಿಪಿ ಕೇಳುತ್ತಾರೆ. ಆ ಮಟ್ಟಿಗೆ ಸಮಾಧಾನ. ಮೇಲ್ ಖಾತೆಗೆ ಆ ರಕ್ಷಣೆ ಇಲ್ಲ. ಇದು ಎಲ್ಲೋ ಒಬ್ಬಿಬ್ಬರಿಗೆ ಆಗುವ ಸಂಗತಿಯೂ ಅಲ್ಲ. ಲುಮಾ ಎಂಬ ಇಂಥದೊಂದು ಕಳ್ಳ ಪ್ರೋಗ್ರಾಂ 2025ರ ಮಾರ್ಚ್ ಮಧ್ಯದಿಂದ ಮೇ ಮಧ್ಯದವರೆಗೆ, ಎರಡೇ ತಿಂಗಳಲ್ಲಿ, 3,94,000ಕ್ಕೂ ಹೆಚ್ಚು ವಿಂಡೋಸ್ ಕಂಪ್ಯೂಟರ್‌ಗಳಿಗೆ ಹೊಕ್ಕಿದ್ದನ್ನು ಮೈಕ್ರೋಸಾಫ್ಟ್ ಲೆಕ್ಕ ಹಾಕಿತ್ತು.

ಹಾಗಾಗಿ ಈಗಲೇ, ಫೋನಿನಿಂದ, ವೈಫೈ ಬಿಟ್ಟು ಫೋನಿನ ಡೇಟಾದಲ್ಲೇ, ಮೊದಲು ಮೇಲ್ ಪಾಸ್‌ವರ್ಡ್ ಬದಲಾಯಿಸಿ. ಬ್ಯಾಂಕು ಸೇರಿ ಬೇರೆ ಖಾತೆಗಳೆಲ್ಲ ಸಂದೇಶ ಕಳಿಸುವುದು ಅದಕ್ಕೇ. ಗೂಗಲ್ ಖಾತೆಯ ಸೆಕ್ಯುರಿಟಿ ಪುಟದಲ್ಲಿ ಯಾವ ಯಾವ ಕಂಪ್ಯೂಟರ್, ಫೋನಿನಲ್ಲಿ ಲಾಗಿನ್ ಇದೆ ಅಂತ ಪಟ್ಟಿ ಇರುತ್ತದೆ. ನಿಮ್ಮ ಕೈಯಲ್ಲಿರುವ ಫೋನ್ ಬಿಟ್ಟು ಉಳಿದದ್ದಕ್ಕೆಲ್ಲ ಸೈನ್ ಔಟ್ ಕೊಡಿ. ಆಗ ಕದ್ದ ಚೀಟಿ ಕೆಲಸಕ್ಕೆ ಬರುವುದಿಲ್ಲ. ರಿಕವರಿ ಫೋನ್ ನಂಬರ್ ನಿಮ್ಮದೇ ಇದೆಯಾ ನೋಡಿ. ಆಮೇಲೆ ಬ್ಯಾಂಕಿನ ಪಾಸ್‌ವರ್ಡ್. ಗೊತ್ತಿಲ್ಲದ ಯಾರದ್ದಾದರೂ ಖಾತೆ ಹಣ ಕಳಿಸುವ ಪಟ್ಟಿಗೆ ಸೇರಿದೆಯಾ ಅಂತಲೂ ಯಜಮಾನರಿಗೆ ನೋಡಲು ಹೇಳಿ. ಒಂದು ರೂಪಾಯಿ ಹೋಗಿದ್ದರೂ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಚಿಕ್ಕಮಗಳೂರಿನಲ್ಲಿ ಸೆನ್, ಅಂದರೆ ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ ಪೊಲೀಸ್ ಠಾಣೆ ಇದೆ, ಅಲ್ಲಿಗೂ ಹೋಗಬಹುದು. ಆದರೆ ಮೊದಲ ಕೆಲಸ ಆ ಫೋನ್ ಕರೆ. ಬೇಗ ತಿಳಿಸಿದಷ್ಟೂ ಹಣ ದಾಟಿಹೋಗದ ಹಾಗೆ ತಡೆಯುವ ಸಾಧ್ಯತೆ ಜಾಸ್ತಿ.

ಇನ್ನೊಂದು ಮಾತು ನನ್ನ ತಲೆಯಲ್ಲಿ ಕೊರೆಯುತ್ತಿದೆ. ಇಷ್ಟೆಲ್ಲ ಆಗಿಯೂ ಸ್ಕ್ಯಾನ್‌ನಲ್ಲಿ ಏನೂ ಸಿಗಲಿಲ್ಲ ಅಂದಿರಿ. ಹಾರ್ಡ್‌ಡಿಸ್ಕ್ ಹಾಕಿದವರು ವಿಂಡೋಸ್ ಹೇಗೆ ಹಾಕಿಕೊಟ್ಟರು? ವಿಂಡೋಸ್ ಸೆಕ್ಯುರಿಟಿ ತೆರೆಯಿರಿ. ವೈರಸ್ ಅಂಡ್ ಥ್ರೆಟ್ ಪ್ರೊಟೆಕ್ಷನ್, ಅದರಲ್ಲಿ ಮ್ಯಾನೇಜ್ ಸೆಟ್ಟಿಂಗ್ಸ್, ತೀರಾ ಕೆಳಗೆ ಎಕ್ಸ್‌ಕ್ಲೂಷನ್ಸ್. ಅಲ್ಲಿ ಏನು ಬರೆದಿದೆ ಅಂತ ಹೇಳಿ. ಇದಕ್ಕೆ ನೆಟ್ ಬೇಕಾಗಿಲ್ಲ.

ಬೇಲೂರು ರಸ್ತೆ:

ರಿಪೇರಿ ಅಣ್ಣ ಕೇಳಿದ್ದು ಸರಿ. ನನಗೂ ಹೀಗೇ ಆಗಿತ್ತು. ಫಾರ್ಮ್ಯಾಟ್ ಮಾಡಿಸಿ ತಂದ ಲ್ಯಾಪ್‌ಟಾಪ್‌ನಲ್ಲಿ ಆಕ್ಟಿವೇಟರ್ ಅಂತ ಒಂದು ಕ್ರ್ಯಾಕ್, ಅಂದರೆ ಲೈಸೆನ್ಸ್ ಇಲ್ಲದೆ ವಿಂಡೋಸ್ ಓಡಿಸುವ ಕಳ್ಳದಾರಿಯ ಪ್ರೋಗ್ರಾಂ, ಹಾಕಿ ಕೊಟ್ಟಿದ್ದರು. ಕ್ರ್ಯಾಕ್ ಓಡಬೇಕಾದರೆ ಆಂಟಿವೈರಸ್ ಆಫ್ ಮಾಡಿ ಅಂತ ಅದೇ ಹೇಳುತ್ತದೆ. ಆಮೇಲೆ ಯಾರೂ ಆನ್ ಮಾಡುವುದಿಲ್ಲ. ನಾನು ವರ್ಷವಿಡೀ ಹಾಗೇ ಓಡಿಸಿದ್ದೆ.

ಅಕ್ಕ, ಪಕ್ಕದ ಮನೆ ಹುಡುಗನ ಲಿಂಕ್ ಬೇಡ. ನೀವು ಹಿಂಜರಿದದ್ದೇ ಒಳ್ಳೆಯದಾಯಿತು.

ಲ್ಯಾಬ್ ಮೇಷ್ಟ್ರು, ಚಿಕ್ಕಮಗಳೂರು:

ನಾನು ಕಾಲೇಜಿನ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತೇನೆ. ಬಲಗಡೆ ಏಳುವ ಕೆಂಪು ಚೀಟಿಯಿಂದ ಹೆದರಬೇಡಿ. ಅದು ಆಂಟಿವೈರಸ್‌ನ ಎಚ್ಚರಿಕೆ ಅಲ್ಲ. ಯಾವುದೋ ಪುಟ 'ನೋಟಿಫಿಕೇಶನ್ ಕಳಿಸಲಾ?' ಅಂತ ಕೇಳಿದಾಗ ಅಲೋ ಒತ್ತಿರುತ್ತೀರಿ, ಅಷ್ಟೇ. ಬ್ರೌಸರ್‌ನ ಸೈಟ್ ಸೆಟ್ಟಿಂಗ್ಸ್‌ನಲ್ಲಿ ನೋಟಿಫಿಕೇಶನ್ಸ್ ಪಟ್ಟಿ ಇರುತ್ತದೆ, ಗುರುತಿಲ್ಲದ ಹೆಸರನ್ನೆಲ್ಲ ತೆಗೆಯಬಹುದು. ಆದರೆ ಆ ಚೀಟಿಯನ್ನು ಒತ್ತಬೇಡಿ, ಅದರಲ್ಲಿ ಬರುವ ನಂಬರ್‌ಗೆ ಫೋನ್ ಮಾಡಬೇಡಿ.

ಈಚೆಗೆ ಇನ್ನೊಂದು ಬಗೆ ಶುರುವಾಗಿದೆ, ನಮ್ಮ ಹುಡುಗರಿಬ್ಬರು ಸಿಕ್ಕಿಕೊಂಡಿದ್ದರು. 'ನಾನು ರೋಬೋಟ್ ಅಲ್ಲ' ಅಂತ ಒಂದು ಚೌಕ ಬರುತ್ತದೆ. ಒತ್ತಿದರೆ, ವಿಂಡೋಸ್ ಕೀ ಜೊತೆ ಆರ್ ಒತ್ತಿ, ಆಮೇಲೆ ಕಂಟ್ರೋಲ್ ವಿ, ಆಮೇಲೆ ಎಂಟರ್ ಒತ್ತಿ ಅಂತ ಹೇಳುತ್ತದೆ. ಆ ಪುಟ ಮೊದಲೇ ಒಂದು ಆಜ್ಞೆಯನ್ನು ಗುಟ್ಟಾಗಿ ಕಾಪಿ ಮಾಡಿ ಇಟ್ಟಿರುತ್ತದೆ. ನೀವು ಆ ಕೀಗಳನ್ನು ಒತ್ತಿದರೆ ನೀವೇ ನಿಮ್ಮ ಕೈಯಿಂದ ಕಳ್ಳನನ್ನು ಒಳಗೆ ಕರೆದಂತೆ. ಆ ಹುಡುಗರಿಗೆ ಡೌನ್‌ಲೋಡ್ ಮಾಡಿದ ನೆನಪೇ ಇರಲಿಲ್ಲ, ಏಕೆಂದರೆ ಅವರ ಕಣ್ಣಿಗೆ ಡೌನ್‌ಲೋಡ್ ಅಂತ ಏನೂ ಕಂಡಿರಲಿಲ್ಲ. ನಿಜವಾದ ಯಾವ ತಾಣವೂ ಹಾಗೆ ಒತ್ತಿ ಅಂತ ಕೇಳುವುದಿಲ್ಲ. ಮಗಳಿಗೆ ಇದನ್ನು ತೋರಿಸಿ ಹೇಳಿ.

ಕನ್ನಡ ಟೈಪ್ ಮಾಡಲು ಮಾತ್ರ ಆದರೆ ಏನನ್ನೂ ಇಳಿಸಬೇಕಾಗಿಲ್ಲ. ವಿಂಡೋಸ್‌ನಲ್ಲೇ ಕನ್ನಡ ಕೀಬೋರ್ಡ್ ಇದೆ, ಸೆಟ್ಟಿಂಗ್ಸ್‌ನ ಲ್ಯಾಂಗ್ವೇಜ್ ವಿಭಾಗದಲ್ಲಿ ಕನ್ನಡ ಸೇರಿಸಿದರೆ ಸಾಕು. ಇಂಗ್ಲಿಷ್ ಉಚ್ಚಾರದ ಹಾಗೆ ಟೈಪ್ ಮಾಡುವ ಫೋನೆಟಿಕ್ ಕೀಬೋರ್ಡ್ ಕೂಡ 2019ರ ಅಪ್‌ಡೇಟ್‌ನಿಂದ ಇದೆ. ಆದರೆ ನಿಮ್ಮ ಹಳೇ ಪತ್ರಗಳಿಗೆ ಬೇಕಾದದ್ದು ಹಳೇ ನುಡಿಯ ಅಕ್ಷರ, ಅಂದರೆ ಫಾಂಟ್. ಅವು ಯುನಿಕೋಡ್, ಅಂದರೆ ಎಲ್ಲ ಕಂಪ್ಯೂಟರ್‌ಗೂ ಒಂದೇ ಆದ ಅಕ್ಷರ ಸಂಕೇತ, ಬಳಕೆಗೆ ಬರುವ ಮೊದಲಿನ ಬಗೆಯವು, ಅದಕ್ಕೇ ಇಂಗ್ಲಿಷ್ ಅಕ್ಷರವಾಗಿ ಕಾಣುತ್ತಿವೆ. ಫೈಲ್ ಹಾಳಾಗಿಲ್ಲ. ನುಡಿ ರೂಪಿಸಿದ್ದು ಕನ್ನಡ ಗಣಕ ಪರಿಷತ್ತು. ಅವರ ಸ್ವಂತ ತಾಣದಿಂದಲೇ ತೆಗೆದುಕೊಳ್ಳಿ. ಹುಡುಕಿದಾಗ ಮೊದಲು ಬರುವುದು ಎಷ್ಟೋ ಸಲ ಹಣ ಕೊಟ್ಟು ಹಾಕಿಸಿದ ಜಾಹೀರಾತು. ಮೇಲೆ ಇದೆ ಎಂದ ಮಾತ್ರಕ್ಕೆ ಅದು ಅಸಲಿ ಅಲ್ಲ.

ತೋಟದ ಲೆಕ್ಕ:

ಎಲ್ಲರಿಗೂ ತುಂಬಾ ಧನ್ಯವಾದ. ನಿನ್ನೆ ರಾತ್ರಿ ಫೋನಿನಿಂದ ಮೇಲ್, ಬ್ಯಾಂಕ್ ಎರಡರ ಪಾಸ್‌ವರ್ಡ್ ಬದಲಾಯಿಸಿದೆವು. ಮೇಲ್ ಖಾತೆಯಲ್ಲಿ ನಮ್ಮದಲ್ಲದ ಒಂದು ವಿಂಡೋಸ್ ಕಂಪ್ಯೂಟರ್ ಕಾಣಿಸಿತು. ಶನಿವಾರ ಬೆಳಗಿನ ಜಾವದ ಸಮಯ ಬರೆದಿತ್ತು. ಆ ಹೊತ್ತಿಗೆ ನಮ್ಮ ಕಂಪ್ಯೂಟರ್ ಆಫ್ ಇತ್ತು, ಕರೆಂಟೂ ಇರಲಿಲ್ಲ. ನೋಡಿ ಕೈ ನಡುಗಿತು. ಸೈನ್ ಔಟ್ ಕೊಟ್ಟೆ. ಬ್ಯಾಂಕಿನಲ್ಲಿ ಏನೂ ಹೋಗಿಲ್ಲ, ಹೊಸ ಹೆಸರೂ ಸೇರಿಲ್ಲ.

ರಿಪೇರಿಯವರು ಹೇಳಿದ ಜಾಗ ನೋಡಿದೆ. ಎಕ್ಸ್‌ಕ್ಲೂಷನ್ಸ್‌ನಲ್ಲಿ ಒಂದೇ ಒಂದು ಸಾಲು ಇದೆ. ಅದು ಸಿ ಡ್ರೈವ್. ಇದರ ಅರ್ಥ ಏನು?

ಬ್ರೌಸರ್‌ನಲ್ಲಿ ಒಂದು ಎಕ್ಸ್‌ಟೆನ್ಷನ್ (ಬ್ರೌಸರ್‌ಗೆ ಸೇರಿಕೊಳ್ಳುವ ಸಣ್ಣ ಪ್ರೋಗ್ರಾಂ) ಕೂಡ ಇದೆ. 'ಎಲ್ಲ ತಾಣಗಳಲ್ಲಿನ ನಿಮ್ಮ ಮಾಹಿತಿ ಓದಬಹುದು, ಬದಲಾಯಿಸಬಹುದು' ಅಂತ ಅದರ ಕೆಳಗೆ ಇಂಗ್ಲಿಷ್‌ನಲ್ಲಿ ಬರೆದಿದೆ. ರಿಮೂವ್ ಬಟನ್ ಕೆಲಸ ಮಾಡುವುದಿಲ್ಲ. ನಿಮ್ಮ ಸಂಸ್ಥೆ ಇದನ್ನು ನಿರ್ವಹಿಸುತ್ತಿದೆ ಅನ್ನುತ್ತದೆ. ನಮಗೆ ಯಾವ ಸಂಸ್ಥೆ?

ಹಾಸನ ರಿಪೇರಿ:

ಅಕ್ಕ, ಸಿ ಡ್ರೈವ್ ಅಂದರೆ ನಿಮ್ಮ ಇಡೀ ವಿಂಡೋಸ್ ಇರುವ ಜಾಗ. ಅದನ್ನು ನೋಡಬೇಡ ಅಂತ ಆಂಟಿವೈರಸ್‌ಗೆ ಯಾರೋ ಹೇಳಿಟ್ಟಿದ್ದಾರೆ. ಅದಕ್ಕೇ ಸ್ಕ್ಯಾನ್‌ನಲ್ಲಿ ಏನೂ ಸಿಗಲಿಲ್ಲ. ಗುರುವಾರ ಬಂದ ಫೈಲೇ ಇದನ್ನು ಮಾಡಿರಬಹುದು, ಅಥವಾ ಹೋದ ತಿಂಗಳು ಅಂಗಡಿಯವರು ಕ್ರ್ಯಾಕ್ ಹಾಕಿದ್ದರೆ ಅದು ಮಾಡಿರಬಹುದು. ಇಲ್ಲಿಂದ ಹೇಳಲು ಆಗುವುದಿಲ್ಲ. ಆ ಸಂಸ್ಥೆಯ ಮಾತೂ ಹಾಗೇ. ಕಚೇರಿಗಳು ತಮ್ಮ ಕಂಪ್ಯೂಟರ್‌ಗಳ ಬ್ರೌಸರ್ ಮೇಲೆ ಹಿಡಿತ ಇಡಲು ಒಂದು ವ್ಯವಸ್ಥೆ ಇದೆ. ಮನೆಯ ಕಂಪ್ಯೂಟರ್‌ನಲ್ಲಿ ಅದನ್ನೇ ಬಳಸಿಕೊಂಡು ಎಕ್ಸ್‌ಟೆನ್ಷನ್ ಕಿತ್ತು ಹಾಕಲು ಆಗದ ಹಾಗೆ ಭದ್ರ ಮಾಡಿಕೊಂಡಿದ್ದಾರೆ.

ಒಂದೊಂದೇ ಹುಡುಕಿ ತೆಗೆಯಬಹುದು. ಆ ಸಾಲು ಅಳಿಸಿ, ವಿಂಡೋಸ್‌ನದೇ ಆಂಟಿವೈರಸ್ ಆದ ಡಿಫೆಂಡರ್‌ನಲ್ಲಿ ಆಫ್‌ಲೈನ್ ಸ್ಕ್ಯಾನ್ ಕೊಟ್ಟರೆ ಕಂಪ್ಯೂಟರ್ ರೀಸ್ಟಾರ್ಟ್ ಆಗಿ ವಿಂಡೋಸ್ ಏಳುವ ಮೊದಲೇ ಹುಡುಕುತ್ತದೆ. ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರದ ತಾಣದಲ್ಲೂ ಉಚಿತ ಸಾಧನಗಳಿವೆ. ಬರೀ ಪಾಪ್‌ಅಪ್ ಕಾಟವಾಗಿದ್ದರೆ ಅಷ್ಟೇ ಸಾಕು ಅನ್ನುತ್ತಿದ್ದೆ. ಆದರೆ ನಿಮ್ಮ ಮೇಲ್‌ಗೆ ಯಾರೋ ಆಗಲೇ ಹೊಕ್ಕಿದ್ದಾರೆ. ನಾನಾಗಿದ್ದರೆ ಈ ಕಂಪ್ಯೂಟರ್ ಪೂರ್ತಿ ಅಳಿಸಿ ಹೊಸದಾಗಿ ಹಾಕುತ್ತೇನೆ. ನನ್ನ ತಮ್ಮನ ವಿಷಯದಲ್ಲಿ ಹಾಗೆ ಮಾಡದೆ ಕಳೆದುಕೊಂಡೆ.

ಹೆದರಬೇಡಿ, ಲೆಕ್ಕ ಎಲ್ಲೂ ಹೋಗುವುದಿಲ್ಲ. ಎಕ್ಸೆಲ್, ವರ್ಡ್, ಪಿಡಿಎಫ್, ಫೋಟೊ, ಇಷ್ಟನ್ನು ಮಾತ್ರ ಒಂದು ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ. ಸೆಟಪ್ ಫೈಲ್, ಪ್ರೋಗ್ರಾಂ ಯಾವುದೂ ಬೇಡ. ಅದಕ್ಕೆ ಮೊದಲು ಫೋಲ್ಡರ್‌ನ ವ್ಯೂ ಮೆನುವಿನಲ್ಲಿ ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್ ಟಿಕ್ ಮಾಡಿ. ಆಗ ಹೆಸರಿನ ಕೊನೆಯ ಬಾಲ ಕಾಣುತ್ತದೆ. 'ಬಿಲ್ ಡಾಟ್ ಪಿಡಿಎಫ್ ಡಾಟ್ ಇಎಕ್ಸ್‌ಇ' ಅಂತ ಎರಡು ಬಾಲ ಇದ್ದರೆ ಅದು ಬಿಲ್ಲಲ್ಲ, ಪ್ರೋಗ್ರಾಂ.

ವಿಂಡೋಸ್ ಅನ್ನು ಬೇರೆಯವರ ಸ್ವಚ್ಛ ಕಂಪ್ಯೂಟರ್‌ನಿಂದ, ಮೈಕ್ರೋಸಾಫ್ಟ್ ತಾಣದಲ್ಲೇ ಸಿಗುವ ಮೀಡಿಯಾ ಕ್ರಿಯೇಷನ್ ಟೂಲ್ ಬಳಸಿ ಇಳಿಸಿ. 8 ಜಿಬಿ ಪೆನ್‌ಡ್ರೈವ್ ಸಾಕು. ನೀವು ಬಿಲ್ ಸಮೇತ ತೆಗೆದುಕೊಂಡ ಕಂಪ್ಯೂಟರ್ ಅದು. ಲೈಸೆನ್ಸ್ ಹಾರ್ಡ್‌ಡಿಸ್ಕ್ ಜೊತೆ ಹೋಗುವುದಿಲ್ಲ, ಮದರ್‌ಬೋರ್ಡ್‌ಗೆ ಅಂಟಿಕೊಂಡಿರುತ್ತದೆ. ನೆಟ್ ಕೊಟ್ಟರೆ ತಾನೇ ಆಕ್ಟಿವೇಟ್ ಆಗುತ್ತದೆ. ಕ್ರ್ಯಾಕ್ ಹಾಕಿದ್ದರೆ ಅದು ನಿಮಗೆ ಬೇಕಾಗಿಯೇ ಇರಲಿಲ್ಲ. ನನಗೆ ಬೇಸರ ಆಗುವುದು ಇಲ್ಲೇ. ಗಿರಾಕಿ ನಂಬಿ ಕೊಟ್ಟ ಕಂಪ್ಯೂಟರ್‌ಗೆ ಹತ್ತು ನಿಮಿಷ ಉಳಿಸಲು ಹಾಗೆ ಮಾಡಬಾರದು.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಲ್ಲಿಸಿದೆ. ನಿಮ್ಮದು ಇಂಟೆಲ್ 8ನೇ ಜನರೇಷನ್ ಅಥವಾ ಮುಂದಿನದಾದರೆ 11 ಹಾಕಿಸಿಬಿಡಿ, ಹೇಗೂ ಅಳಿಸುತ್ತೀರಿ. ಮತ್ತೆ ಹಾಕುವಾಗ ಎರಡು ಖಾತೆ ಮಾಡಿ. ಅಡ್ಮಿನ್ ಒಂದು, ದಿನಬಳಕೆಗೆ ಸ್ಟ್ಯಾಂಡರ್ಡ್ ಒಂದು. ಸ್ಟ್ಯಾಂಡರ್ಡ್‌ನಲ್ಲಿ ಇಂಥ ಬದಲಾವಣೆಗೆಲ್ಲ ಅಡ್ಮಿನ್ ಪಾಸ್‌ವರ್ಡ್ ಕೇಳುತ್ತದೆ. ಮಳೆ ಬರಲಿ, ಕರೆಂಟ್ ಹೋಗಲಿ, ಆ ಪಾಸ್‌ವರ್ಡ್ ಹಾಕುವಷ್ಟು ಹೊತ್ತು ಕೈ ನಿಲ್ಲುತ್ತದಲ್ಲ, ಅದು ಬೇಕು.

ಲ್ಯಾಬ್ ಮೇಷ್ಟ್ರು, ಚಿಕ್ಕಮಗಳೂರು:

ಒಂದು ಸೇರಿಸುತ್ತೇನೆ. ಹೊಸದಾಗಿ ಹಾಕಿದ ಮೇಲೆ ಬ್ರೌಸರ್‌ಗೆ ಖಾತೆ ಕೊಟ್ಟು ಸಿಂಕ್ ಮಾಡಿದರೆ, ಅಂದರೆ ಹಳೇ ಸೆಟ್ಟಿಂಗ್ಸ್ ವಾಪಸ್ ತಂದುಕೊಂಡರೆ, ಹಳೇ ಎಕ್ಸ್‌ಟೆನ್ಷನ್ ಕೂಡ ವಾಪಸ್ ಬರಬಹುದು. ಸಿಂಕ್ ಆದ ಕೂಡಲೇ ಆ ಪಟ್ಟಿ ನೋಡಿ.

ಯಾವ ಸೆಟಪ್ ಫೈಲ್ ಇಳಿಸಿದರೂ ಓಡಿಸುವ ಮೊದಲು ವೈರಸ್‌ಟೋಟಲ್ ತಾಣಕ್ಕೆ ಹಾಕಿ ನೋಡಬಹುದು. ಹತ್ತಾರು ಆಂಟಿವೈರಸ್‌ಗಳು ಒಟ್ಟಿಗೆ ಪರೀಕ್ಷಿಸುತ್ತವೆ. ಆದರೆ ಸಂಘದ ನಡಾವಳಿ, ಪಹಣಿ, ಬ್ಯಾಂಕ್ ಕಾಗದ ಅಲ್ಲಿಗೆ ಹಾಕಬೇಡಿ. ಅಲ್ಲಿಗೆ ಹಾಕಿದ ಫೈಲ್ ಬೇರೆಯವರ ಕೈಗೂ ಸಿಗುತ್ತದೆ.

ತೋಟದ ಲೆಕ್ಕ:

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಮರಗಸಿ (ನೆರಳಿನ ಮರಗಳ ಕೊಂಬೆ ಕಡಿಯುವ) ಕೆಲಸ ನಡೆಯುತ್ತಿದೆ, ಆಳುಗಳ ಜೊತೆ ಇರಬೇಕಾಯಿತು. ಆ ಶನಿವಾರದ ಬಟವಾಡೆ ಲೆಕ್ಕ ಪುಸ್ತಕದಲ್ಲೇ ಬರೆದೆ.

ಚಿಕ್ಕಮಗಳೂರಿನಲ್ಲಿರುವ ನನ್ನ ಅಣ್ಣನ ಮಗ ಭಾನುವಾರ ಬಂದು ಅವನ ಲ್ಯಾಪ್‌ಟಾಪ್‌ನಿಂದ ಪೆನ್‌ಡ್ರೈವ್ ಮಾಡಿ, ಎಲ್ಲ ಅಳಿಸಿ, ವಿಂಡೋಸ್ 11 ಹಾಕಿದ. ಲೈಸೆನ್ಸ್ ಯಾರೂ ಏನೂ ಮಾಡದೆ ತಾನೇ ಆಯಿತು. ಎಕ್ಸ್‌ಕ್ಲೂಷನ್ಸ್ ಖಾಲಿ ಇದೆ, ನಾನೇ ತೆರೆದು ನೋಡಿದೆ. ಅಡ್ಮಿನ್ ಪಾಸ್‌ವರ್ಡ್ ಚೆಕ್‌ರೋಲ್ ಪುಸ್ತಕದ ಜೊತೆ ಬೀರುವಿನಲ್ಲಿದೆ. ಅದು ಬೇಕಾದರೆ ಎದ್ದು ಒಳಗಿನ ಕೋಣೆಗೆ ಹೋಗಬೇಕು. ಬೇಕೆಂದೇ ಹಾಗೆ ಇಟ್ಟಿದ್ದೇವೆ. ಬ್ಯಾಂಕಿನ ಪಾಸ್‌ವರ್ಡ್ ಇನ್ನು ಬ್ರೌಸರ್‌ನಲ್ಲಿ ಇಡುವುದಿಲ್ಲ ಅಂತ ಮನೆಯವರೂ ಒಪ್ಪಿದ್ದಾರೆ.

ನುಡಿಯನ್ನು ಗಣಕ ಪರಿಷತ್ತಿನ ತಾಣದಿಂದ ಇಳಿಸಿದೆವು. ಮಗಳು ಫೈಲನ್ನು ವೈರಸ್‌ಟೋಟಲ್‌ಗೆ ಹಾಕಿ ನೋಡಿದ ಮೇಲೆಯೇ ಓಡಿಸಿದ್ದು. ಆಮೇಲೆ ಸಂಘದ ಮೊದಲ ಸಭೆಯ ನಡಾವಳಿ ತೆರೆದೆ. ಇಂಗ್ಲಿಷ್ ಅಕ್ಷರಗಳ ರಾಶಿ ಇದ್ದ ಜಾಗದಲ್ಲಿ ನಮ್ಮೂರಿನ ಹನ್ನೊಂದು ಹೆಂಗಸರ ಹೆಸರು ಸಾಲಾಗಿ ಕನ್ನಡದಲ್ಲಿ ಕಂಡವು.